ಸೂಪರ್‌ಮ್ಯಾನ್ ಕಥೆನೂ ಪುರಾಣನಾ?

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ, ಸೂಪರ್‌ಮ್ಯಾನ್ ಅಂದ್ರೆ ಪ್ರಾಣ. ಮೊನ್ನೆ ನಮ್ಮತ್ತೆ ಕರ್ಣನ ಕಥೆ ಹೇಳ್ತಿದ್ರು. ಕುಂತಿ ಮಗೂನ ಪೆಟ್ಟಿಗೇಲಿಟ್ಟು ಹೊಳೇಲಿ ಬಿಟ್ಟಳು ಅಂತಿದ್ದ ಹಾಗೇ ಇವನು "ಅಜ್ಜಿ, ಸೂಪರ್‌ಮ್ಯಾನ್‌ನೂ ಹಿಂಗೇ ರಾಕೆಟ್‌ನಲ್ಲಿಟ್ಟು ಕಳಿಸ್ತಾರೆ" ಅಂದುಬಿಟ್ಟ. ಪುರಾಣನ ಕಾಮಿಕ್ಸ್‌ಗೆ ಹೋಲಿಸ್ತಾರೇನೋ ಅಂತ ಅತ್ತೆ ಬೇಜಾರಾಗಿ ಕಥೆನೇ ನಿಲ್ಲಿಸಿದ್ರು. ಯಾರದು ಸರಿ?
– ಓದುಗರು, ತಿಪಟೂರು

ಉತ್ತರ: ಮಗನ್ನ ಗದರಬೇಡಿ, ಅವನು ಸರಿಯಾಗೇ ಹಿಡಿದಿದಾನೆ. ಹೆತ್ತವರಿಗೆ ಇಟ್ಕೊಳ್ಳೋಕಾಗದೆ ಬಿಟ್ಟ ಮಗು, ಯಾರೋ ಎತ್ತಿ ಸಾಕಿದ್ದು, ತಾನು ಯಾರು ಅಂತ ಆಮೇಲೆ ಗೊತ್ತಾಗೋದು, ಕರ್ಣನದೂ ಅದೇ, ಬೈಬಲ್‌ನ ಮೋಶೆಯದೂ ಹೆಚ್ಚುಕಮ್ಮಿ ಅದೇ. ಸೂಪರ್‌ಮ್ಯಾನ್‌ನ ಹುಟ್ಟಿಸಿದ ಜೆರ್ರಿ ಸೀಗಲ್, ಜೋ ಶುಸ್ಟರ್ ಇಬ್ಬರೂ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಬೆಳೆದ ಯಹೂದಿ ಹುಡುಗರು, ಮೋಶೆ ಕಥೆ ಅವರಿಗೆ ಮನೆ ಕಥೆ ಇದ್ದಂಗೆ. 1932ರಲ್ಲಿ ಸೀಗಲ್ ಅವರ ಅಪ್ಪ, ಬಟ್ಟೆ ಅಂಗಡಿ ಇಟ್ಕೊಂಡಿದ್ದವರು, ಅಂಗಡಿಗೆ ಕಳ್ಳರು ನುಗ್ಗಿದಾಗ ಅಲ್ಲೇ ಕುಸಿದು ತೀರಿಕೊಂಡ್ರು. ಆಮೇಲೆ ಕೆಲವೇ ವರ್ಷಕ್ಕೆ ಆ ಹುಡುಗನ ಕೈಯಿಂದ ಗುಂಡು ಹೊಡೆದ್ರೂ ತಾಗದ ಒಬ್ಬ ಮನುಷ್ಯ ಬಂದ. ಎರಡನ್ನೂ ಒಟ್ಟಿಗೆ ನೆನೆಸ್ಕೊಂಡಾಗೆಲ್ಲ ನನಗೆ ಕರುಳು ಚುರುಕ್ ಅನ್ನುತ್ತೆ.

ಇನ್ನೊಂದು ವಿಷಯ ನಿಮ್ಮತ್ತೆಗೆ ಹೇಳಿ, ಅವರಿಗೆ ಇಷ್ಟ ಆಗಬಹುದು. 1938ರ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಹಾರೋದೇ ಇಲ್ಲ, ದೊಡ್ಡದಾಗಿ ನೆಗೀತಾನೆ ಅಷ್ಟೆ. ಸಾಕಿದ ಅಪ್ಪ ಅಮ್ಮನೂ ಅದರಲ್ಲಿಲ್ಲ, ಕಾರಲ್ಲಿ ಹೋಗ್ತಿದ್ದ ಯಾರೋ ಮಗೂನ ನೋಡಿ ಅನಾಥಾಶ್ರಮಕ್ಕೆ ಕೊಟ್ಟು ಹೋಗ್ತಾನೆ! ಸಾಕಿದ ದಂಪತಿ ಬಂದಿದ್ದು ಮುಂದಿನ ವರ್ಷ, ಹಾರೋದು ಆಮೇಲೆ ರೇಡಿಯೋ, ಕಾರ್ಟೂನ್‌ನವರ ಕೈಲಿ ಸೇರ್ಕೊಂಡಿದ್ದು, ಅವನ ಶಕ್ತಿ ಉಡುಗಿಸೋ ಕ್ರಿಪ್ಟೊನೈಟ್ ಕಲ್ಲು 1943ರಲ್ಲಿ ರೇಡಿಯೋ ನಾಟಕದಿಂದ ಬಂದಿದ್ದು. ಯಕ್ಷಗಾನದಲ್ಲಿ ಒಬ್ಬ ಅರ್ಥಧಾರಿ ಹೊಸದಾಗಿ ಆಡಿದ ಮಾತು ಜನಕ್ಕೆ ಹಿಡಿಸಿ ಆಮೇಲೆ ಎಲ್ಲರೂ ಆಡ್ತಾರಲ್ಲ, ಹಾಗೇನೇ. ಪುರಾಣ ಬೆಳೆಯೋದು ಇದೇ ರೀತಿ.

ಆದ್ರೆ ಅತ್ತೆ ಮಾತನ್ನೂ ನಾನು ಪೂರ್ತಿ ತಳ್ಳಿಹಾಕಲ್ಲ. ಆ ಇಬ್ಬರು ಹುಡುಗರು ಸೂಪರ್‌ಮ್ಯಾನ್ ಹಕ್ಕನ್ನ ಕಾಮಿಕ್ಸ್ ಕಂಪನಿಗೆ ಬರೀ 130 ಡಾಲರ್‌ಗೆ ಬರೆದುಕೊಟ್ರು, ಆಮೇಲೆ ಕೋರ್ಟು ಕಚೇರಿ ಅಲೆದು ವಯಸ್ಸಾದ ಮೇಲೆ 1975ರಲ್ಲಿ ವರ್ಷಕ್ಕಿಷ್ಟು ಅಂತ ಪಿಂಚಣಿ ಸಿಕ್ತು, ಕಥೆ ಮೇಲೆ ಅವರ ಹೆಸರು ವಾಪಸ್ ಬಂತು. ಕಂಪನಿ ಕೇಳದೆ ಯಾರೂ ಅವನ ಕಥೆ ಬದಲಾಯಿಸಿ ಮಾರೋ ಹಾಗಿಲ್ಲ. ಅಮೆರಿಕದಲ್ಲಿ ಆ ಮೊದಲ ಕಥೆ ಎಲ್ಲರ ಸ್ವತ್ತಾಗೋದು 2034ಕ್ಕೆ. ನಮ್ಮ ಪಂಪನ್ನ ನೋಡಿ, ಸಾವಿರ ವರ್ಷದ ಹಿಂದೆನೇ ದ್ರೌಪದಿನ ಅರ್ಜುನನಿಗೊಬ್ಬನಿಗೇ ಮದುವೆ ಮಾಡಿಸಿದ, ತನ್ನ ರಾಜ ಅರಿಕೇಸರಿನೇ ಅರ್ಜುನ ಅಂದ, ಅಷ್ಟೆಲ್ಲ ಮಾಡಿ ಕೊನೆಗೆ ಭಾರತದಲ್ಲಿ ಬೇರೆ ಯಾರನ್ನೂ ನೆನೆಯದಿದ್ರೂ ಕರ್ಣನನ್ನ ನೆನೆ ಅಂತ ಹಾಡಿದ. ಅವನು ಯಾರ ಪರ್ಮಿಷನ್ನೂ ಕೇಳಬೇಕಾಗಿರಲಿಲ್ಲ. ನನ್ನ ಮಟ್ಟಿಗೆ ವ್ಯತ್ಯಾಸ ಇರೋದು ಅಲ್ಲಿ, ಹಳೇದು ಹೊಸದು ಅನ್ನೋದ್ರಲ್ಲಿ ಅಲ್ಲ.

ಅದಕ್ಕೇ ಅತ್ತೆಗೆ ನನ್ನ ಕೋರಿಕೆ ಇಷ್ಟೇ, ಕಥೆ ಅರ್ಧಕ್ಕೆ ಬಿಡಬೇಡಿ. ಇವತ್ತು ರಾತ್ರಿ ಪೆಟ್ಟಿಗೆ ತೇಲ್ತಾ ತೇಲ್ತಾ ರಾಧೆ ಕಣ್ಣಿಗೆ ಬೀಳೋವರೆಗೂ ಹೇಳಿ, ಮುಚ್ಚಳ ತೆಗೆಯೋ ಮುಂಚೆ ನಿಲ್ಲಿಸಿ, "ಮುಂದೆ ಏನಾಯ್ತು, ನೀನೇ ಹೇಳಪ್ಪ" ಅನ್ನಿ. ಅವನು ರಾಕೆಟ್ ತಂದ್ರೆ ತರಲಿ ಬಿಡಿ.