ಕೊಟ್ಟಿಗೆಗೆ ಹೋಗಿ, ಆಮೇಲೆ ಬರೆಯಿರಿ

ಪ್ರಿಯ ಸಹೋದರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಒಂದು ಸಾಲಿನ ಹತ್ತಿರ ಬಂದು ಮುಂದಕ್ಕೆ ಹೋಗಲಾಗಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಓದುಗರಿಗೆ ಸಂಗತಿ ತಿಳಿಯಲಿ. ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಬಾಳಿದ ಇವರ ಅಜ್ಜಿ ಕಳೆದ ಆಷಾಢದಲ್ಲಿ ತೀರಿಕೊಂಡರು. ವರ್ಷದ ತಿಥಿಗೆ ನೆನಪಿನ ಪುಸ್ತಕ ತರಬೇಕೆಂದು ಮನೆಯವರ ಆಸೆ. ಬರೆಯುವ ಹೊಣೆ ಬೆಂಗಳೂರಿನಲ್ಲಿರುವ ಮೊಮ್ಮಗಳದ್ದು. ಇವರು ಬರೆದು ಕಳಿಸಿದ ಹಾಳೆಗಳ ತುಂಬ ದನ, ಕರು, ಕುಂಟುನಾಯಿ, ಅಟ್ಟದ ಮೇಲೆ ಮರಿ ಹಾಕಿದ ಬೆಕ್ಕು. ದೊಡ್ಡಪ್ಪ ಸಿಟ್ಟಾದರು. 'ನಾಲ್ಕು ಮಕ್ಕಳನ್ನು ಓದಿಸಿದವಳನ್ನು ದನ ಕಾಯುವವಳಂತೆ ತೋರಿಸಬೇಡ. ಲೋಟ ಹಾಲು ಕೊಡದ ಊರುದನದ ಕಥೆ ಯಾರಿಗೆ ಬೇಕು?' ಎಂದರಂತೆ. ಹಿರಿಯರ ಮಾತು ಕೇಳಲೇ, ನಾನು ಕಂಡ ಅಜ್ಜಿಯನ್ನೇ ಬರೆಯಲೇ ಎಂಬುದು ಇವರ ಪ್ರಶ್ನೆ.

ನಿಮ್ಮ ದೊಡ್ಡಪ್ಪನ ಬಗ್ಗೆ ನನಗೆ ಮರುಕವಿಲ್ಲ. ಅವರ ಕಾಲೇಜಿನ ಫೀಸು ಅಡಿಕೆ ತೋಟದಿಂದ ಬಂತು. ತೋಟಕ್ಕೆ ಗೊಬ್ಬರ ಕೊಟ್ಟಿಗೆಯಿಂದ ಬಂತು. ಇಷ್ಟನ್ನು ಮರೆಯಲು ಎಷ್ಟು ಓದಬೇಕು? ಅವರು ಜರೆದ ಊರುದನವೇ ಮಲೆನಾಡು ಗಿಡ್ಡ. 2012ರಲ್ಲಿ ಅದಕ್ಕೆ ಪ್ರತ್ಯೇಕ ತಳಿ ಎಂಬ ಮಾನ್ಯತೆ ಸಿಕ್ಕಿದೆ. ಜಡಿಮಳೆಯಲ್ಲಿ ಗುಡ್ಡ ಹತ್ತಿ ಮೇಯ್ದು, ಸಂಜೆ ತಾನೇ ಮನೆಗೆ ಬರುವ ದನ ಅದು. ಹಾಲಿನ ಲೆಕ್ಕ ಹಾಕದೆ ಅದನ್ನು ಉಳಿಸಿಕೊಂಡವರು ನಿಮ್ಮ ಅಜ್ಜಿಯಂಥವರು.

ಅಜ್ಜಿ ಸಂಜೆ ಹೊತ್ತು ದನದ ಕಿವಿ ಮಡಿಸಿ, ಒಳಗಿನ ಉಣುಗುಗಳನ್ನು ಒಂದೊಂದಾಗಿ ಕಿತ್ತು ಕೆಂಡಕ್ಕೆ ಹಾಕುತ್ತಿದ್ದರು, ಹಸು ಕಣ್ಣು ಮುಚ್ಚಿ ನಿಲ್ಲುತ್ತಿತ್ತು ಎಂದು ಬರೆದಿದ್ದೀರಿ. ಅದನ್ನು ತೆಗೆಯಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಕಾಡಿಗೆ ಹೋದ ದನದ ಮೈಗೆ ಅಂಟಿ ಅದು ಮನೆಯಂಗಳಕ್ಕೂ ಬರುತ್ತದೆ. ಆ ಸೀಮೆಯಲ್ಲಿ ದನದ ಕಿವಿ ನೋಡುವುದೆಂದರೆ ಮಕ್ಕಳ ಮೈ ಕಾಯುವುದೂ ಹೌದು. ದೊಡ್ಡಪ್ಪನ ಮೈಯೂ ಅದರಲ್ಲಿ ಸೇರಿತ್ತು.

ಈಗ ಆ ಸಾಲಿಗೆ ಬರುತ್ತೇನೆ. 'ಮೊನ್ನೆ ಅಮ್ಮನ ಜೊತೆ ಫೋನಿನಲ್ಲಿ ಮಾತನಾಡುವಾಗ ಹಿನ್ನೆಲೆಯಲ್ಲಿ ಅಜ್ಜಿಯೇ ದನವನ್ನು ಕೂಗಿ ಕರೆದಂತೆ ಕೇಳಿ ಮೈ ಜುಮ್ಮೆಂದಿತು. ಹಾಗೆ ಕರೆದದ್ದು ಕೊಟ್ಟಿಗೆ ಕೆಲಸದವಳಂತೆ.' ಇಷ್ಟು ಬರೆದು ಮತ್ತೆ ದೊಡ್ಡಪ್ಪನ ವಿಷಯಕ್ಕೆ ಹೋಗಿಬಿಟ್ಟಿರಿ. ಆಕೆ ಮೂವತ್ತು ವರ್ಷಗಳಿಂದ ಆ ಮನೆಗೆ ಬರುತ್ತಿದ್ದಾರೆಂದು ನೀವೇ ಇನ್ನೊಂದೆಡೆ ಹೇಳಿದ್ದೀರಿ. ನಿಮ್ಮ ಪತ್ರದಲ್ಲಿ ಹಸುವಿಗೆ ಹೆಸರಿದೆ, ನಾಯಿಗೆ ಹೆಸರಿದೆ. ಆಕೆಗೆ ಹೆಸರಿಲ್ಲ.

ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ: ಹೋದವರ ಬದುಕನ್ನು ಜಗಲಿಯಲ್ಲಿ ಕೂತವರ ಬಳಿ ಕೇಳಬೇಡಿ, ಜೊತೆಯಲ್ಲಿ ಕೆಲಸ ಮಾಡಿದವರ ಬಳಿ ಕೇಳಿ. ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಅಜ್ಜಿಗೆ ಅಳಲು ಆ ದೊಡ್ಡ ಮನೆಯಲ್ಲಿ ಜಾಗವಿರಲಿಲ್ಲವಂತೆ. ಕೊಟ್ಟಿಗೆಗೆ ಹೋಗಿ ಹಸುವಿನ ಕುತ್ತಿಗೆಗೆ ಹಣೆಯೊತ್ತಿ ಅತ್ತು ಬರುತ್ತಿದ್ದರಂತೆ. ಇದು ಅವರ ಮಕ್ಕಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಜ್ಜಿಯ ಜೊತೆ ಸೆಗಣಿ ಬಾಚುತ್ತಿದ್ದ ಹೆಂಗಸಿಗೆ ಗೊತ್ತಿತ್ತು. ನಾನು ಆಕೆಯನ್ನು ಕೇಳಿದ್ದು ಬಹಳ ತಡವಾಗಿ. ಆ ಹೊತ್ತಿಗೆ ಆಕೆ ಅರ್ಧ ಮರೆತಿದ್ದರು.

ನೀವು ಮೂರು ವರ್ಷ ಊರಿಗೆ ಹೋಗಲಿಲ್ಲ ಎಂದು ಬರೆದು ಅತ್ತಿದ್ದೀರಿ. ಅದು ತಪ್ಪೇ, ಅಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನೀವು ಹೋಗದ ಮೂರು ವರ್ಷವೂ ಅಜ್ಜಿಯ ಪಕ್ಕದಲ್ಲಿ ಒಬ್ಬರಿದ್ದರು.

ಆದ್ದರಿಂದ ಮಾಡಬೇಕಾದ ಕೆಲಸ ಒಂದೇ. ಈ ಶುಕ್ರವಾರ ರಾತ್ರಿಯ ಬಸ್ಸು ಹತ್ತಿ. ಶನಿವಾರ ಸಂಜೆ ದನ ಮನೆಗೆ ಬರುವ ಹೊತ್ತಿಗೆ ಆಕೆಯ ಜೊತೆ ಬೇಲಿಯ ಹತ್ತಿರ ನಿಂತಿರಿ. ಮೊಬೈಲ್ ಒಳಗಿರಲಿ, ಕಲಗಚ್ಚಿನ ಬಕೆಟ್ಟನ್ನು ನೀವೂ ಎತ್ತಿ. ಅಜ್ಜಿ ಹೇಗಿದ್ದರು ಎಂದು ಕೇಳಬೇಡಿ, ಹಾಗೆ ಕೇಳಿದರೆ ಯಾರಾದರೂ 'ಒಳ್ಳೆಯವರಿದ್ದರು' ಎಂದು ಸುಮ್ಮನಾಗುತ್ತಾರೆ. ಈ ಹಸುವಿನ ತಾಯಿ ಯಾವುದು, ಅದರ ತಾಯಿ ಯಾವುದು ಎಂದು ಕೇಳಿ. ನೀವು ಹುಟ್ಟಿದ ವರ್ಷ ಕರು ಹಾಕಿದ್ದು ಯಾವ ಹಸು, ಆ ರಾತ್ರಿ ಮಾಸು ಬೀಳುವ ತನಕ ಅಜ್ಜಿ ಲಾಟೀನು ಹಿಡಿದು ಎಲ್ಲಿ ಕೂತಿದ್ದರು ಎಂದು ಕೇಳಿ.

ದೊಡ್ಡಪ್ಪನಿಗೆ ಉತ್ತರ ಕೊಡುವುದು ಅಲ್ಲಿಂದ ಬಂದ ಮೇಲೆ. ಆಕೆಯ ಹೆಸರನ್ನು ಪತ್ರದಲ್ಲಿ ಬರೆಯದೆ ಬಿಟ್ಟಿದ್ದೀರಿ, ಪುಸ್ತಕದಲ್ಲಿ ಬಿಡಬೇಡಿ.