ಹಸಿರು ಹಸಿಹಸಿಯಾಗಿ ಕಾಣುವುದೇಕೆ?

ಪ್ರಶ್ನೆ: ಮಾಷ್ಟ್ರೇ, ನನ್ನದು ಬದಿಯಡ್ಕದ ಹತ್ತಿರ ಮನೆ. ಒಂದು ವರ್ಷದಿಂದ ಜಲವರ್ಣ ಕಲಿಯುತ್ತಿದ್ದೇನೆ. ನಮ್ಮ ಅಡಿಕೆ ತೋಟವನ್ನು ನಾಲ್ಕು ಸಲ ಬಿಡಿಸಿದೆ. ಪ್ರತಿ ಸಲವೂ ಪ್ಲಾಸ್ಟಿಕ್ ಗಿಡಗಳ ಹಾಗೆ ಕಾಣುತ್ತದೆ. ಪೆಟ್ಟಿಗೆಯಲ್ಲಿ ಮೂರು ಹಸಿರು ಟ್ಯೂಬ್ ಇವೆ. ಇನ್ನೂ ಬೇರೆ ಹಸಿರು ತರಿಸಬೇಕಾ? ಕಲರ್ ವೀಲ್ (ಬಣ್ಣಗಳನ್ನು ವೃತ್ತವಾಗಿ ಜೋಡಿಸಿದ ಚಕ್ರ) ನೋಡಿದೆ, ಅದರಿಂದ ತೋಟಕ್ಕೆ ಏನು ಉಪಯೋಗ ಅಂತ ಗೊತ್ತಾಗಲಿಲ್ಲ.

ಉತ್ತರ: ಹೊಸ ಟ್ಯೂಬ್ ಖಂಡಿತ ಬೇಡ ತಂಗೀ. ಇರುವ ಮೂರನ್ನೂ ಒಂದು ತಿಂಗಳು ಕಪಾಟಿನಲ್ಲಿಡಿ. ಹಸಿರನ್ನು ನೀವೇ ಕಲಸಿ.

ನಿಮ್ಮಲ್ಲಿ ಪ್ರಷ್ಯನ್ ಬ್ಲೂ, ಅಲ್ಟ್ರಾಮರೀನ್ ಎರಡೂ ಇರಬೇಕು, ಅಲ್ವಾ? ಎರಡೂ ನೀಲಿಯೇ. ಆದರೆ ಪ್ರಷ್ಯನ್ ಬ್ಲೂ ಹಸಿರಿನ ಕಡೆ ವಾಲುತ್ತದೆ, ಅಲ್ಟ್ರಾಮರೀನ್ ಕೆಂಪಿನ ಕಡೆ. ಹಳದಿಯಲ್ಲೂ ಹಾಗೆಯೇ. ಲೆಮನ್ ಯೆಲ್ಲೋ ಹಸಿರಿನ ಕಡೆ, ಗ್ಯಾಂಬೋಜ್ ಕಿತ್ತಳೆಯ ಕಡೆ. ಪ್ರಷ್ಯನ್‌ಗೆ ಲೆಮನ್ ಸೇರಿಸಿ, ಎಳೆ ಬಾಳೆಎಲೆಯ ಹೊಳಪು ಬರುತ್ತದೆ. ಅಲ್ಟ್ರಾಮರೀನ್‌ಗೆ ಗ್ಯಾಂಬೋಜ್ ಸೇರಿಸಿ, ಬಲಿತ ಸೋಗೆಯ ಮಂಕು ಹಸಿರು ಬರುತ್ತದೆ. ಅಲ್ಟ್ರಾಮರೀನ್, ಗ್ಯಾಂಬೋಜ್ ಎರಡರಲ್ಲೂ ಚೂರು ಕೆಂಪು ಅಡಗಿದೆ, ಅದೇ ಹಸಿರನ್ನು ತಗ್ಗಿಸುವುದು. ಕೆಂಪು, ಹಸಿರಿನ ಹಾಗೆ ಕಲರ್ ವೀಲ್‌ನಲ್ಲಿ ಎದುರುಬದುರು ಕೂತ ಬಣ್ಣಗಳನ್ನು ಕಲಸಿದರೆ ಒಂದನ್ನೊಂದು ಮಂಕು ಮಾಡುತ್ತವೆ. ಅಕ್ಕಪಕ್ಕ ಇಟ್ಟರೆ ಒಂದನ್ನೊಂದು ಎತ್ತಿ ತೋರಿಸುತ್ತವೆ. ಸದ್ಯಕ್ಕೆ ನಿಮಗೆ ಚಕ್ರದಿಂದ ಬೇಕಾದದ್ದು ಇಷ್ಟೇ.

ಈಗ ಬೆಳಿಗ್ಗೆ ಎಂಟು ಗಂಟೆಗೆ ತೋಟಕ್ಕೆ ಇಳಿಯಿರಿ. ಸೂರ್ಯನಿಗೆ ಎದುರಾಗಿ ನಿಂತು ಒಂದೇ ಒಂದು ಸೋಗೆ ನೋಡಿ. ಬಿಸಿಲು ಎಲೆಯನ್ನು ತೂರಿ ಬರುವ ಕಡೆ ಅದು ಹೆಚ್ಚುಕಡಿಮೆ ಹಳದಿ. ಆಕಾಶಕ್ಕೆ ಮುಖ ಮಾಡಿ ಮಿನುಗುವ ಕಡೆ ನೀಲಿ ಬೆರೆತ ಬೂದು. ಕಾಂಡದಲ್ಲಿ ಬೂದು, ಅದರ ಮೇಲೆ ಬಿಳಿ ಕಲೆಗಳು. ಕೆಳಗೆ ಒಣಗಿ ಬಿದ್ದ ಅಡಿಕೆ ಹಾಳೆ, ಕೆಂಪು ಮಣ್ಣು, ಕಣಿಯಲ್ಲಿ ಕಪ್ಪು ನೀರು. ಹೆಸರಿಗೆ ಹಸಿರು ತೋಟ, ನಿಜವಾದ ಹಸಿರು ಅದರಲ್ಲಿ ಎಷ್ಟು ಕಡಿಮೆ ನೋಡಿ!

ನಾನೂ ಮೊದಲು ಹೀಗೇ ಬಿಡಿಸುತ್ತಿದ್ದೆ. ಒಂದು ಮಳೆಗಾಲದಲ್ಲಿ ನಮ್ಮ ತೋಟದ ಚಿತ್ರ ಮುಗಿಸಿ ಜಗಲಿಯಲ್ಲಿ ಒಣಗಲು ಇಟ್ಟಿದ್ದೆ. ಅಮ್ಮ ಬಂದು ನೋಡಿದರು. "ಮಣ್ಣೇ ಇಲ್ಲವಲ್ಲ ಮಗಾ, ಮರ ಎಲ್ಲಿ ನಿಂತಿದೆ?" ಎಂದರು. ಮರುದಿನ ಹೊಸ ಕಾಗದಕ್ಕೆ ಮೊದಲೇ ತೆಳ್ಳಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಪು ಕಂದು ಬಣ್ಣ ಬಳಿದೆ. ಒಣಗಿದ ಮೇಲೆ ಹಸಿರು ಹಾಕಿದೆ, ಅಲ್ಲಲ್ಲಿ ಸಂದು ಬಿಟ್ಟೆ. ಸಂದಿನಲ್ಲಿ ಇಣುಕಿದ ಆ ಕೆಂಪಿನಿಂದಲೇ ಹಸಿರಿಗೆ ಜೀವ ಬಂತು. ಇಂದಿಗೂ ತೋಟ ಬಿಡಿಸುವಾಗ ನಾನು ಮಣ್ಣಿನಿಂದಲೇ ಶುರುಮಾಡುತ್ತೇನೆ.

ಪಕ್ಕದ ಬಣ್ಣಕ್ಕೆ ಎಷ್ಟು ಶಕ್ತಿ ಇದೆ ಅನ್ನುವುದಕ್ಕೆ ಒಂದು ಹಳೆಯ ಸಂಗತಿ ಹೇಳುತ್ತೇನೆ. ಪ್ಯಾರಿಸ್‌ನಲ್ಲಿ ಗೋಬೆಲಿನ್ ಎಂಬ ನೇಯ್ಗೆ ಕಾರ್ಖಾನೆ. ಅಲ್ಲಿ ನೂಲಿಗೆ ಬಣ್ಣ ಹಾಕುವ ವಿಭಾಗವನ್ನು ಶೆವ್ರೂಲ್ ಎಂಬ ರಸಾಯನ ವಿಜ್ಞಾನಿ ನೋಡಿಕೊಳ್ಳುತ್ತಿದ್ದರು. ಕಪ್ಪು ನೂಲು ಮಂಕಾಗಿದೆ ಎಂದು ದೂರು ಬಂತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದ ನೀಲಿ, ನೇರಳೆ ನೂಲುಗಳಿಂದಾಗಿ ಕಪ್ಪು ಹಾಗೆ ಕಾಣುತ್ತಿತ್ತು. 1839ರಲ್ಲಿ ಅವರು ಇದನ್ನೇ ಒಂದು ದೊಡ್ಡ ಪುಸ್ತಕವಾಗಿ ಬರೆದರು. ನೀವೂ ಮಾಡಿ ನೋಡಬಹುದು. ಒಂದೇ ಬೂದು ಕಾಗದದಿಂದ ಎರಡು ಚಿಕ್ಕ ತುಂಡು ಕತ್ತರಿಸಿ. ಒಂದನ್ನು ಕೆಂಪು ಕಾಗದದ ಮೇಲೆ, ಇನ್ನೊಂದನ್ನು ಹಸಿರು ಕಾಗದದ ಮೇಲೆ ಇಡಿ. ಕೆಂಪಿನ ಮೇಲಿನದಕ್ಕೆ ಹಸಿರಿನ ಛಾಯೆ, ಹಸಿರಿನ ಮೇಲಿನದಕ್ಕೆ ಕೆಂಪಿನ ಛಾಯೆ ಬಂದಂತೆ ಕಾಣುತ್ತದೆ.

ಪ್ರಶ್ನೆ: ನೆರಳಿಗೆ ಕಪ್ಪು ಬಣ್ಣ ಹಾಕಲೇಬಾರದು ಅನ್ನುತ್ತಾರೆ. ನಿಜವೇ? (ಮಂಜೇಶ್ವರದ ವಿದ್ಯಾರ್ಥಿ)

ಉತ್ತರ: ಹಾಗೇನೂ ಕಾನೂನಿಲ್ಲ. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ ಅವರ ಹೆಸರಿನಲ್ಲೇ ನಾಲ್ಕು ಬಣ್ಣಗಳ ಒಂದು ಪ್ಯಾಲೆಟ್ ಇದೆ: ಬಿಳಿ, ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ, ಸಿಂಧೂರದ ಕೆಂಪು, ಕಪ್ಪು. ಬೆಚ್ಚಗಿನ ಬಣ್ಣಗಳ ನಡುವೆ ಆ ಕಪ್ಪಿಗೆ ಬಿಳಿ ಬೆರೆತರೆ ನೀಲಿಯಂತೆ ಕಾಣುತ್ತದೆ. ತೊಂದರೆ ಇರುವುದು ಎಲ್ಲ ನೆರಳಿಗೂ ಒಂದೇ ಕಪ್ಪು ಸುರಿಯುವುದರಲ್ಲಿ. ಬೇಕಲ ಕೋಟೆಯ ಗೋಡೆ ಬಿಡಿಸುವಾಗ ನಾನು ಅಲ್ಟ್ರಾಮರೀನ್‌ಗೆ ಬರ್ನ್ಟ್ ಸಿಯೆನ್ನಾ ಕಲಸುತ್ತೇನೆ. ನೀಲಿ ಜಾಸ್ತಿಯಾದರೆ ತಂಪು ನೆರಳು, ಸಿಯೆನ್ನಾ ಜಾಸ್ತಿಯಾದರೆ ಬೆಚ್ಚಗಿನ ನೆರಳು. ಸಂಜೆ ಬಿಸಿಲು ಬಿದ್ದ ಮುರಕಲ್ಲಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ನೆರಳು ನನಗೆ ಸಿಕ್ಕಿಲ್ಲ.

ಪ್ರಶ್ನೆ: ಯಕ್ಷಗಾನದ ಬಣ್ಣದ ವೇಷ ಬಿಡಿಸಿದೆ. ಕೆಂಪು, ಹಸಿರು, ಹಳದಿ ಎಲ್ಲ ಒಟ್ಟಿಗೆ ಕಿರುಚಿದ ಹಾಗಿದೆ. ಯಾವುದನ್ನು ತೆಗೆಯಲಿ? (ಕುಂಬಳೆಯ ಓದುಗರು)

ಉತ್ತರ: ಯಾವುದನ್ನೂ ತೆಗೆಯಬೇಡಿ. ಚಿತ್ರದ ಫೋಟೊ ತೆಗೆದು ಫೋನಿನಲ್ಲೇ ಕಪ್ಪು-ಬಿಳುಪು ಮಾಡಿ ನೋಡಿ. ಕೆಂಪೂ ಹಸಿರೂ ಒಂದೇ ಬೂದು ಬಣ್ಣವಾಗಿ ಕಲಸಿಹೋಗಿದ್ದರೆ ನಿಮ್ಮ ತೊಂದರೆ ಟೋನ್‌ನದ್ದು. ಯಾವುದು ಕತ್ತಲೆ, ಯಾವುದು ಬೆಳಕು ಎಂದು ಮೊದಲು ತೀರ್ಮಾನಿಸಿ. ಒಂದು ಬಣ್ಣ ಯಜಮಾನನಾಗಲಿ, ಉಳಿದವಕ್ಕೆ ಕಡಿಮೆ ಜಾಗ ಕೊಡಿ. ಸಾಧ್ಯವಾದರೆ ಆಟದ ದಿನ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕೂತು ಬಣ್ಣದ ವೇಷದವರು ಮುಖಕ್ಕೆ ಚಿಟ್ಟಿ ಇಡುವುದನ್ನು ನೋಡಿ. ಅಕ್ಕಿಹಿಟ್ಟು, ಸುಣ್ಣದ ಆ ಬಿಳಿ ಮುಳ್ಳುಗಳು ಕಪ್ಪು, ಕೆಂಪಿನ ಅಂಚಿನಲ್ಲೇ ಸಾಲಾಗಿ ಏಳುತ್ತವೆ. ಗದ್ದೆಯ ಕೊನೆಯಲ್ಲಿ ಕೂತವರಿಗೂ ಮುಖ ಬಿಡಿಬಿಡಿಯಾಗಿ ಕಾಣುವುದು ಆ ಬಿಳಿಯಿಂದ. ಪೆನ್ಸಿಲ್, ಒಂದು ಚಿಕ್ಕ ಪುಸ್ತಕ ಜೊತೆಗಿರಲಿ. ಬಣ್ಣ ಮನೆಗೆ ಬಂದ ಮೇಲೆ ಹಾಕಿ.