ಅಮ್ಮ ಗಟ್ಟಿಮುಟ್ಟಾಗಿದ್ದಾರೆ, ಅಕ್ಕನಿಗೆ ಹೇಗೆ ಬಂತು?

ಪ್ರಶ್ನೆ: ಡಾಕ್ಟ್ರೇ, ನಮ್ದು ಚಿಂತಾಮಣಿ ಹತ್ರ ಹಳ್ಳಿ. ಅಕ್ಕನಿಗೆ 36, ಮೆಟ್ಟಿಲು ಹತ್ತಿದ್ರೆ ಏದುಸಿರು, ಮೊದ್ಲು ಆಸ್ತಮಾ ಅಂತ ಪಂಪ್ ಕೊಟ್ರು, ಈಗ ಬೆಂಗಳೂರಲ್ಲಿ ಪಲ್ಮನರಿ ಹೈಪರ್‌ಟೆನ್ಷನ್ ಅಂತಿದ್ದಾರೆ, ಕಾರಣ ಸಿಕ್ಕಿಲ್ವಂತೆ. ಚಿಕ್ಕಮ್ಮನೂ (ಅಮ್ಮನ ತಂಗಿ) ಸಣ್ಣ ವಯಸ್ಸಲ್ಲೇ ಹೀಗೇ ಉಸಿರು ಕಟ್ಟಿ ಹೋದ್ರು. ಆದ್ರೆ ಅಮ್ಮನಿಗೆ 61, ಈಗ್ಲೂ ಹಾಲು ಕರೀತಾರೆ. ಇದು ವಂಶದ್ದಾ? ಅಕ್ಕನ್ನ ಸೋದರಮಾವನಿಗೇ ಕೊಟ್ಟಿರೋದು, ಮಗಳಿಗೂ ಬರುತ್ತಾ?

ಉತ್ತರ: ಚಿಕ್ಕಮ್ಮನ ವಿಷಯ ಅಲ್ಲಿನ ಡಾಕ್ಟ್ರಿಗೆ ಹೇಳಿದ್ದೀರಾಮ್ಮ? ಇಲ್ಲಾಂದ್ರೆ ಮೊದ್ಲು ಅದನ್ನ ಹೇಳಿ. ಪಲ್ಮನರಿ ಹೈಪರ್‌ಟೆನ್ಷನ್ ಅಂದ್ರೆ ತೋಳಿಗೆ ಪಟ್ಟಿ ಸುತ್ತಿ ನೋಡೋ ಬಿಪಿ ಅಲ್ಲ, ಹೃದಯದಿಂದ ಶ್ವಾಸಕೋಶಕ್ಕೆ ಹೋಗೋ ರಕ್ತನಾಳದ ಒತ್ತಡ. ನಿಮ್ಮ ಕಡೆ ಬೋರ್‌ವೆಲ್ ಪೈಪ್ ಒಳಗೆ ಉಪ್ಪು ಕಟ್ಟಿ ಕಿರಿದಾದ್ರೆ ಮೋಟ್ರು ಹೆಣಗಾಡುತ್ತಲ್ಲ, ಹಾಗೆ ಹೃದಯದ ಬಲಭಾಗ ಸೋಲ್ತಾ ಹೋಗುತ್ತೆ.

ಒಂದೇ ಮನೆತನದಲ್ಲಿ ಇಬ್ಬರಿಗೆ ಬಂದಿದ್ರೆ ಮೊದಲ ಅನುಮಾನ ಬಿಎಂಪಿಆರ್2 ಅನ್ನೋ ಜೀನ್ ಮೇಲೆ, 2000ದಲ್ಲಿ ಪತ್ತೆ ಆಗಿದ್ದು, ಇಂಥ ಕುಟುಂಬಗಳಲ್ಲಿ ನೂರಕ್ಕೆ 70-80ರಲ್ಲಿ ದೋಷ ಇರೋದು ಅದರಲ್ಲೇ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ರೂ ಪ್ರತಿ ಮಗುವಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ಆದ್ರೆ ಜೀನ್ ಬಂದೋರಿಗೆಲ್ಲ ಕಾಯಿಲೆ ಬರಲ್ಲ, ಹೆಚ್ಚುಕಮ್ಮಿ ಐದರಲ್ಲಿ ಒಬ್ಬರಿಗೆ, ಅದರಲ್ಲೂ ಹೆಂಗಸರಿಗೇ ಜಾಸ್ತಿ. ಹಾಗಾಗಿ ನಿಮ್ಮಮ್ಮ ಹಾಲು ಕರ್ಕೊಂಡು ಆರಾಮಾಗಿದ್ದೇ ಅದನ್ನ ಅಕ್ಕನಿಗೆ ದಾಟಿಸಿರಬಹುದು. ಅವರ ತಪ್ಪೇನಿಲ್ಲ ಬಿಡಿ, ಮನೇಲಿ ಯಾರೂ ಹಾಗೆ ಅನ್ನದೇ ಇರ್ಲಿ.

ಟೆಸ್ಟ್ ಶುರು ಮಾಡೋದು ಅಕ್ಕನ ರಕ್ತದಿಂದ. ಎಲ್ಲರೂ ಒಟ್ಟಿಗೇ ಹೋಗಿ ದುಡ್ಡು ಸುರೀಬೇಡಿ! ಅವರಲ್ಲಿ ದೋಷ ಸಿಕ್ರೆ ಅದೊಂದನ್ನೇ ನಿಮ್ಮಲ್ಲಿ, ಅಮ್ಮನಲ್ಲಿ ಹುಡುಕೋದು. ನಿಮ್ಮಲ್ಲಿ ಇದ್ರೆ ವರ್ಷಕ್ಕೊಮ್ಮೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸ್ಕೋಬೇಕು, ಇಲ್ದಿದ್ರೆ ನಿಮ್ಮ ಮಕ್ಕಳಿಗೆ ನಿಮ್ಮಿಂದ ಹೋಗಲ್ಲ.

ಇನ್ನೊಂದು ಅಪರೂಪದ್ದಿದೆ, ಶ್ವಾಸಕೋಶದ ಸಣ್ಣ ಅಭಿಧಮನಿಗಳೇ (ರಕ್ತವನ್ನ ಹೃದಯಕ್ಕೆ ವಾಪಸ್ ಒಯ್ಯೋ ನಾಳಗಳು) ಮುಚ್ಚಿಹೋಗೋದು. 2014ರಲ್ಲಿ ಸಿಕ್ಕಿದ ಇಐಎಫ್2ಎಕೆ4 ಜೀನ್ ದೋಷ ತಂದೆ ತಾಯಿ ಇಬ್ಬರಿಂದಲೂ ಬಂದ್ರೆ ಇದು ಬರುತ್ತೆ, ಅದಕ್ಕೇ ರಕ್ತಸಂಬಂಧದ ಮದುವೆ ಇರೋ ಮನೆತನಗಳಲ್ಲಿ ಇದನ್ನ ಮರೀಬಾರ್ದು. ಇದರಲ್ಲಿ ಮಾಮೂಲಿ ನಾಳ ಹಿಗ್ಗಿಸೋ ಮಾತ್ರೆ ಕೊಟ್ರೆ ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿಬಿಡುತ್ತೆ, ಆದ್ದರಿಂದ ಯಾವ ಬಗೆ ಅಂತ ಗೊತ್ತಾಗೋದು ಬರೀ ಕುತೂಹಲಕ್ಕಲ್ಲ.

ಔಷಧಿಗೆ ಸಿಲ್ಡೆನಾಫಿಲ್, ಬೊಸೆಂಟನ್ ಥರದ ನಾಳ ಹಿಗ್ಗಿಸೋ ಮಾತ್ರೆ ಇಲ್ಲೇ ಸಿಗುತ್ತೆ. ಬಿಎಂಪಿಆರ್2 ದಾರಿಯ ಏರುಪೇರನ್ನ ಸರಿದೂಗಿಸೋ ಸೊಟಾಟರ್ಸೆಪ್ಟ್ ಇಂಜೆಕ್ಷನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ, ಜೀನ್ ಸಿಕ್ಕಿ 24 ವರ್ಷ ಆದ್ಮೇಲೆ ನೋಡಿ. ಅಕ್ಕ ಮತ್ತೆ ಬಸುರಿ ಆಗೋದು ಜೀವಕ್ಕೇ ಅಪಾಯ, ಇದನ್ನ ಸಂಕೋಚ ಬಿಟ್ಟು ಈಗ್ಲೇ ಮಾತಾಡಿ.

ಮಗಳ ವಿಷಯಕ್ಕೆ ಮೊದ್ಲು ಜೆನೆಟಿಕ್ ಕೌನ್ಸೆಲಿಂಗ್‌ಗೆ (ವಂಶದ ಕಾಯಿಲೆ ಬಗ್ಗೆ ಸಲಹೆ ಕೊಡೋ ತಜ್ಞರ ಹತ್ರ) ಹೋಗಿ. ನಿಮ್ಮ ಮಾವನ್ನೂ ಕರ್ಕೊಂಡು ಹೋಗಿ, ಅವರೂ ನಿಮ್ಮಮ್ಮನ ಒಡಹುಟ್ಟಿದವರೇ ತಾನೇ, ಆ ಜೀನ್ ಅವರಲ್ಲೂ ಇರಬಹುದು.